ಚಾರಿಟಿ ಕಮಿಷನ್ ರಿಜಿಸ್ಟರು: ಟ್ರಸ್ಟಿಗಳು ಸಿಗುತ್ತಾರೆ, ಸಲಹೆಗಾರರು ಸಿಗುವುದಿಲ್ಲ

ಚಾರಿಟಿ ಕಮಿಷನ್ನಿನ ವೆಬ್‌ಸೈಟಿನಲ್ಲಿರುವ ರಿಜಿಸ್ಟರಿಗೆ ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಕಾಸು ಖರ್ಚಿಲ್ಲ, ಲಾಗಿನ್ ಬೇಡ, ಫೋನ್ ನಂಬರ್ ಕೇಳುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ನೋಂದಣಿಯಾದ ಯಾವುದೇ ಚಾರಿಟಿಯ ಹೆಸರು ಹಾಕಿದರೆ ಸಾಕು, ಅದನ್ನು ನಡೆಸುವವರು ಯಾರು, ದುಡ್ಡು ಎಷ್ಟು ಬಂತು, ಎಷ್ಟು ಹೋಯಿತು ಅಂತ ತೋರಿಸುತ್ತದೆ. ಇಲ್ಲಿನ ಚಾರಿಟಿಗಳ ಮೇಲೆ ಕಣ್ಣಿಡುವ ಚಾರಿಟಿ ಕಮಿಷನ್ 1853ರಿಂದ ಇದೆ. ಈ ರಿಜಿಸ್ಟರು ಬಂದಿದ್ದು 1960ರ ಕಾಯ್ದೆಯಿಂದ. ಈಗ ಅದರಲ್ಲಿ ಸುಮಾರು 1.7 ಲಕ್ಷ ಚಾರಿಟಿಗಳಿವೆ. ಇಲ್ಲಿ ನೆಲೆಸಿದ ನಾವು ದೇವಸ್ಥಾನಕ್ಕೆ, ಕನ್ನಡ ಶಾಲೆಗೆ, ಊರಿನ ಕಣ್ಣಿನ ಆಸ್ಪತ್ರೆಗೆ ಅಂತ ಧಾರಾಳವಾಗಿ ಕೊಡುತ್ತೇವೆ. ಕೊಡುವ ಮುಂಚೆ ಇದನ್ನು ತೆರೆದು ನೋಡುವವರು ಮಾತ್ರ ನನಗೆ ಹೆಚ್ಚು ಸಿಕ್ಕಿಲ್ಲ.

ನಾನು ರೆಡಿಂಗಿನಲ್ಲಿ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಮೈಸೂರಿನಲ್ಲಿ ಸಿಎ ಆರ್ಟಿಕಲ್‌ಶಿಪ್ ಮಾಡಿದವಳು. ಪರಿಚಯದ ಹುಡುಗನೊಬ್ಬ ಫೋನ್ ಮಾಡಿ, "ಅಕ್ಕಾ, ನಮ್ಮ ಚಾರಿಟಿಗೆ ಖಜಾಂಚಿ ಬೇಕು, ಲೆಕ್ಕ ಗೊತ್ತಿರೋರು. ತಿಂಗಳಿಗೆ ಒಂದು ಮೀಟಿಂಗ್ ಅಷ್ಟೇ" ಅಂದ. ಅದು ಎಥಿಕ್ಸ್ ಚಾರಿಟಿ. ವೆಂಟಿಲೇಟರ್ ಯಾವಾಗ ತೆಗೆಯಬಹುದು, ಅಂಗದಾನದಲ್ಲಿ ಮನೆಯವರ ಮಾತು ಎಷ್ಟು ನಡೆಯಬೇಕು, ಇಂಥ ಪ್ರಶ್ನೆಗಳನ್ನು ಶಾಲೆಗಳಲ್ಲಿ, ಲೈಬ್ರರಿಗಳಲ್ಲಿ ಕೂತು ಚರ್ಚೆ ಮಾಡಿಸುತ್ತಾರೆ. ಒಳ್ಳೆಯ ಕೆಲಸ, ಅನುಮಾನವಿಲ್ಲ. ಅವನು ಕಳಿಸಿದ ಬ್ರೋಷರಿನಲ್ಲಿ ಒಂದು ಇಡೀ ಪುಟ ಸಲಹಾ ಮಂಡಳಿಗೇ ಮೀಸಲು. ಪ್ರೊಫೆಸರುಗಳು, ನಿವೃತ್ತ ಜಡ್ಜ್, ದೊಡ್ಡ ಸರ್ಜನ್, ಎಲ್ಲರದ್ದೂ ನಗುಮುಖದ ಫೋಟೋ. ಟ್ರಸ್ಟಿಗಳ ಹೆಸರು ಹಿಂಬದಿಯಲ್ಲಿ, ಚಾರಿಟಿ ನಂಬರಿನ ಪಕ್ಕ, ಕನ್ನಡಕ ಹಾಕಿಕೊಂಡು ಓದುವಷ್ಟು ಸಣ್ಣ ಅಕ್ಷರದಲ್ಲಿ.

ಇಲ್ಲಿ ಖಜಾಂಚಿ ಆಗುವುದು ಅಂದರೆ ಸಾಮಾನ್ಯವಾಗಿ ಟ್ರಸ್ಟಿ ಆಗುವುದು. ಸಂಬಳ ಇಲ್ಲ, ಹೊಣೆ ಪೂರ್ತಿ. ಲೆಕ್ಕ ನೋಡಿಕೊಳ್ಳುವವರು ಒಬ್ಬರಾದರೂ ತಪ್ಪಿಗೆ ಎಲ್ಲ ಟ್ರಸ್ಟಿಗಳೂ ಒಟ್ಟಾಗಿ ಬಾಧ್ಯರು. ಹಾಗಾಗಿ ಒಪ್ಪುವ ಮುಂಚೆ ಆ ಚಾರಿಟಿ ನಂಬರನ್ನು ರಿಜಿಸ್ಟರಿಗೆ ಹಾಕಿದೆ.

ಮೊದಲ ಪುಟದಲ್ಲೇ ಆದಾಯ ಎಷ್ಟು, ಖರ್ಚು ಎಷ್ಟು, ನೌಕರರು ಎಷ್ಟು ಜನ, ಟ್ರಸ್ಟಿಗಳು ಎಷ್ಟು ಜನ ಎಲ್ಲ ಇದೆ. ವರ್ಷಕ್ಕೆ 60,000 ಪೌಂಡ್ ದಾಟಿ ಪಡೆಯುವ ನೌಕರರು ಇದ್ದಾರಾ ಅನ್ನೋದೂ ಇದೆ. ಟ್ರಸ್ಟಿಗಳಿಗೆ ಚಾರಿಟಿಯಿಂದ ಏನಾದರೂ ಹಣ ಸಂದಿದೆಯಾ ಅಂತ ಒಂದು ಸಾಲು. ಇಷ್ಟು ವಿವರ ಅರ್ಧ ನಿಮಿಷದಲ್ಲಿ ಸಿಗುತ್ತದೆ, ನಾಲ್ಕರಲ್ಲಿ ಮೂರು ಸ್ಟಾರ್ ಅದಕ್ಕೇ ಕೊಟ್ಟುಬಿಟ್ಟೆ.

ನನಗೆ ಜಾಸ್ತಿ ಇಷ್ಟವಾಗಿದ್ದು ಟ್ರಸ್ಟಿಗಳ ಪುಟ. ಹೆಸರು, ಅಧ್ಯಕ್ಷರಾ ಬರೀ ಟ್ರಸ್ಟಿಯಾ, ನೇಮಕವಾದ ತಾರೀಖು. ಅದರ ಪಕ್ಕದಲ್ಲಿ ಆ ವ್ಯಕ್ತಿ ಇನ್ಯಾವ ಚಾರಿಟಿಗಳಲ್ಲಿ ಟ್ರಸ್ಟಿ, ಆ ಚಾರಿಟಿಗಳು ಲೆಕ್ಕ ಸರಿಯಾಗಿ ಕೊಟ್ಟಿವೆಯಾ ಅನ್ನೋದೂ ಬರುತ್ತದೆ. ಈ ಕೊನೆಯ ಕಾಲಂ ಯೋಚಿಸಿದವರಿಗೆ ಒಂದು ಕಾಫಿ ಕೊಡಿಸಬೇಕು. ಒಬ್ಬ ಮನುಷ್ಯ ಬೇರೆ ಕಡೆ ಹೇಗೆ ನಡೆದುಕೊಂಡಿದ್ದಾನೆ ಅಂತ ಗೊತ್ತಾಗಲು ಇದಕ್ಕಿಂತ ಸುಲಭದ ದಾರಿ ಇಲ್ಲ. ನನ್ನ ಹುಡುಗನ ಚಾರಿಟಿಯಲ್ಲಿ ನಾಲ್ವರು ಟ್ರಸ್ಟಿಗಳು. ಇಬ್ಬರದ್ದು ಒಂದೇ ಮನೆಹೆಸರು. ಅಧ್ಯಕ್ಷರು ಟ್ರಸ್ಟಿಯಾಗಿ ಹದಿನಾಲ್ಕು ವರ್ಷವಾಯಿತು. ಒಂದೇ ಮನೆಹೆಸರು ಇದ್ದರೆ ತಪ್ಪೇನಿಲ್ಲ, ಗಂಡಹೆಂಡತಿ ಸೇರಿ ಕಟ್ಟಿದ ಚಾರಿಟಿಗಳು ಬೇಕಾದಷ್ಟಿವೆ. ಆದರೆ ಇಲ್ಲಿನ ಚಾರಿಟಿ ಗವರ್ನೆನ್ಸ್ ಕೋಡ್ 2017ರಲ್ಲೇ ಹೇಳಿದೆ, ಟ್ರಸ್ಟಿ ಒಂಬತ್ತು ವರ್ಷ ದಾಟಿ ಮುಂದುವರಿದರೆ ಯಾಕೆ ಅಂತ ವಿವರಿಸಬೇಕು ಅಂತ. ಅದು ಕಾನೂನಲ್ಲ, ಸಲಹೆ. ಬೇರೆಯವರಿಗೆ ಎಥಿಕ್ಸ್ ಹೇಳಿಕೊಡುವ ಚಾರಿಟಿ ಈ ಸಲಹೆಯನ್ನು ಕೇಳಬೇಕು, ಅಲ್ವಾ?

ಇನ್ನು ಲೆಕ್ಕಪತ್ರ. ವರ್ಷ ಮುಗಿದ ಹತ್ತು ತಿಂಗಳೊಳಗೆ ಕೊಡಬೇಕು. ಕೊಟ್ಟ ತಾರೀಖಿನ ಪಕ್ಕದಲ್ಲಿ ಸಮಯಕ್ಕೆ ಬಂತಾ, ಇಷ್ಟು ದಿನ ತಡವಾಯಿತಾ ಅಂತ ರಿಜಿಸ್ಟರು ನಾಚಿಕೆ ಇಲ್ಲದೆ ಬರೆದಿಡುತ್ತದೆ. ಪಿಡಿಎಫ್ ಇಳಿಸಿಕೊಳ್ಳಬಹುದು. ಮೈಸೂರಿನಲ್ಲಿ ಆರ್ಟಿಕಲ್‌ಶಿಪ್ ಮಾಡುವಾಗ ನಮ್ಮ ಆಫೀಸಿನ ಹಿರಿಯ ಆಡಿಟರ್ ಹೇಳುತ್ತಿದ್ದರು, "ಬ್ಯಾಲೆನ್ಸ್ ಶೀಟ್ ನೋಡೋಕೆ ಆತುರ ಬೇಡಮ್ಮ, ಹಿಂದಿನಿಂದ ಓದು" ಅಂತ. ಇಲ್ಲಿಯೂ ಅದೇ. ಮುಂದಿನ ಪುಟಗಳಲ್ಲಿ ಫೋಟೋ, ಅಧ್ಯಕ್ಷರ ಮಾತು, ಧ್ಯೇಯ. ಕೊನೆಯ ಪುಟಗಳ ಟಿಪ್ಪಣಿಗಳಲ್ಲಿ ಸಂಬಂಧಪಟ್ಟವರೊಂದಿಗಿನ ವ್ಯವಹಾರ ಅಂತ ಒಂದು ಸಣ್ಣ ಪ್ಯಾರಾ ಇರುತ್ತದೆ. ಟ್ರಸ್ಟಿಯ ಕಂಪನಿಗೆ ಚಾರಿಟಿ ಬಾಡಿಗೆ ಕಟ್ಟಿತಾ, ಟ್ರಸ್ಟಿಯ ಮಗಳು ಡಿಸೈನ್ ಮಾಡಿಕೊಟ್ಟಳಾ, ಯಾವುದಾದರೂ ಸಾಲ ಇದೆಯಾ, ಎಲ್ಲ ಅಲ್ಲಿ. "ಯಾವುದೂ ಇಲ್ಲ" ಅಂತ ಬರೆದಿದ್ದರೆ ಒಳ್ಳೆಯದು. ಬಾಡಿಗೆ ಕಟ್ಟಿದ್ದನ್ನು ಮೊತ್ತ ಸಮೇತ ಬರೆದಿದ್ದರೂ ಒಳ್ಳೆಯದೇ, ಮುಚ್ಚಿಟ್ಟಿಲ್ಲ ಅಂತಾಯಿತು. ಆ ಟಿಪ್ಪಣಿಯೇ ಇಲ್ಲದಿದ್ದರೆ ನಾನು ಫೋನ್ ಎತ್ತಿಕೊಳ್ಳುತ್ತೇನೆ. ದೊಡ್ಡ ಚಾರಿಟಿಗಳು ಇದೇ ವರದಿಯಲ್ಲಿ ಬ್ಯಾಂಕ್, ಆಡಿಟರ್, ವಕೀಲರ ಹೆಸರನ್ನೂ ಕೊಡುತ್ತವೆ.

ಈಗ ಕಳೆದ ಒಂದು ಸ್ಟಾರಿನ ವಿಷಯ. ಬ್ರೋಷರಿನ ಪುಟ ತುಂಬಿದ್ದ ಆ ಸಲಹೆಗಾರರು ರಿಜಿಸ್ಟರಿನಲ್ಲಿ ಎಲ್ಲೂ ಇಲ್ಲ. ಇರುವುದೂ ಇಲ್ಲ. ಪೋಷಕರು, ಗೌರವ ಅಧ್ಯಕ್ಷರು, ಸಲಹಾ ಮಂಡಳಿ, ಇವರ್ಯಾರಿಗೂ ರಿಜಿಸ್ಟರಿನಲ್ಲಿ ಕಾಲಂ ಇಲ್ಲ. ಕಾನೂನಿನ ಕಣ್ಣಿಗೆ ಅವರು ಚಾರಿಟಿ ನಡೆಸುವವರಲ್ಲ. ಹಣ ಪೋಲಾದರೆ ಅವರನ್ನು ಕೇಳುವಂತಿಲ್ಲ. ಆದರೆ ಜನ ನಂಬಿ ದುಡ್ಡು ಕೊಡುವುದು ಅವರ ಮುಖ ನೋಡಿ. ಬೇರೆ ಚಾರಿಟಿಗಳಲ್ಲಿ ಇದು ಅಷ್ಟು ದೊಡ್ಡ ಮಾತಲ್ಲ. ಅನ್ನ ಹಾಕುವ ಚಾರಿಟಿಯಲ್ಲಿ ಊಟ ಬಂತೋ ಇಲ್ಲವೋ ನೋಡಬಹುದು. ಎಥಿಕ್ಸ್ ಚಾರಿಟಿ ಮಾರುವುದೇ ಅಭಿಪ್ರಾಯವನ್ನು. ಆ ಅಭಿಪ್ರಾಯ ಕೊಟ್ಟವರು ಯಾರು, ಅವರಿಗೆ ಯಾವ ಕಂಪನಿಯ ಸಂಬಂಧ ಇದೆ ಅನ್ನೋದೇ ಅಲ್ಲಿ ಮುಖ್ಯ.

ಆಡಳಿತ ಬೇರೆ, ಸಲಹೆ ಬೇರೆ ಅನ್ನೋದಕ್ಕೆ ನನಗೆ ಹತ್ತಿರದ ಉದಾಹರಣೆ ನಫೀಲ್ಡ್. ಆಕ್ಸ್‌ಫರ್ಡಿನ ಕೌಲಿಯಲ್ಲಿ ಮಾರಿಸ್ ಕಾರು ಮಾಡಿ ಶ್ರೀಮಂತನಾದ ವಿಲಿಯಂ ಮಾರಿಸ್, ಅಂದರೆ ಲಾರ್ಡ್ ನಫೀಲ್ಡ್, 1943ರಲ್ಲಿ ನಫೀಲ್ಡ್ ಫೌಂಡೇಶನ್ ಮಾಡಿದ. ಆ ಫೌಂಡೇಶನ್ನಿನ ಟ್ರಸ್ಟಿಗಳು 1991ರಲ್ಲಿ ನಫೀಲ್ಡ್ ಕೌನ್ಸಿಲ್ ಆನ್ ಬಯೋಎಥಿಕ್ಸ್ ಶುರು ಮಾಡಿದರು. 1994ರಿಂದ ವೆಲ್‌ಕಮ್ ಟ್ರಸ್ಟ್ ಮತ್ತು ಮೆಡಿಕಲ್ ರಿಸರ್ಚ್ ಕೌನ್ಸಿಲ್ ಕೂಡ ಅದರ ಖರ್ಚಿಗೆ ಕೈ ಜೋಡಿಸಿದವು. ವೈದ್ಯಕೀಯ ಮತ್ತು ಜೀವವಿಜ್ಞಾನದ ನೈತಿಕ ಪ್ರಶ್ನೆಗಳನ್ನು ವೈದ್ಯರು, ವಕೀಲರು, ತತ್ವಶಾಸ್ತ್ರ ಓದಿದವರು ಸೇರಿ ಯೋಚಿಸುವ ಜಾಗ ಕೌನ್ಸಿಲ್. 1993ರಲ್ಲಿ ಬಂದ ಅದರ ಮೊದಲ ವರದಿ ವಂಶವಾಹಿ ತಪಾಸಣೆಯ ಬಗ್ಗೆ. ಹಣ, ಕಟ್ಟಡ, ಕಾನೂನಿನ ಹೊಣೆ ಫೌಂಡೇಶನ್ನಿನ ಟ್ರಸ್ಟಿಗಳದ್ದು. ಯೋಚಿಸುವ ಸ್ವಾತಂತ್ರ್ಯ ಕೌನ್ಸಿಲ್ ಸದಸ್ಯರದ್ದು. ಹೀಗೆ ಬೇರ್ಪಡಿಸಿದ್ದರಲ್ಲಿ ಬುದ್ಧಿವಂತಿಕೆ ಇದೆ. ದುಡ್ಡಿನ ಚಿಂತೆ ಮಾಡುವವರು ವರದಿಯ ಒಂದು ಸಾಲನ್ನು ಮೆತ್ತಗೆ ಮಾಡಿಸಲು ಕೂರಬಾರದು.

ತತ್ವಶಾಸ್ತ್ರಜ್ಞೆ ಓನೋರಾ ಓನೀಲ್ ಈ ಎರಡೂ ಕಡೆ ಕೂತವರು. 1996ರಿಂದ 1998ರವರೆಗೆ ಬಯೋಎಥಿಕ್ಸ್ ಕೌನ್ಸಿಲ್ಲಿನ ಅಧ್ಯಕ್ಷೆ. ಆಮೇಲೆ 2010ರವರೆಗೆ ಫೌಂಡೇಶನ್ನಿನ ಅಧ್ಯಕ್ಷೆ. 2002ರಲ್ಲಿ ಬಿಬಿಸಿಯ ರೀತ್ ಉಪನ್ಯಾಸಗಳನ್ನು ಕೊಟ್ಟಾಗ ಅವರು ಮಾತಾಡಿದ್ದು ನಂಬಿಕೆಯ ಬಗ್ಗೆ. ಎಲ್ಲವನ್ನೂ ಬಯಲಿಗಿಟ್ಟರೆ ಗುಟ್ಟು ಹೋಗುತ್ತದೆ, ಆದರೆ ಮೋಸವೂ ಹೋಗುತ್ತದೆ ಅಂತ ಹೇಳಲಾಗದು ಅನ್ನೋದು ಅವರ ವಾದದ ಸಾರ. ರಿಜಿಸ್ಟರು ಇಟ್ಟುಕೊಂಡು ಕೂತಾಗ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ. ಅಷ್ಟೂ ಮಾಹಿತಿ ಕಣ್ಣೆದುರು ಇದೆ, ಆದರೆ ಕೇಳಬೇಕಾದ ಪ್ರಶ್ನೆಯನ್ನು ನಾವೇ ಕೇಳಬೇಕು.

ಹೊಣೆ ಯಾರ ತಲೆಗೆ ಬರುತ್ತದೆ ಅಂತ ನೋಡಬೇಕಾದರೆ ಲಂಡನ್ನಿನ ಕಿಡ್ಸ್ ಕಂಪನಿ ಅನ್ನುವ ಮಕ್ಕಳ ಚಾರಿಟಿಯ ಕಥೆ ನೋಡಿ. 2015ರ ಆಗಸ್ಟಿನಲ್ಲಿ ಆ ಚಾರಿಟಿ ಬಾಗಿಲು ಹಾಕಿತು. ಮೆಚ್ಚಿ ಹೊಗಳಿದ ದೊಡ್ಡವರು ಎಷ್ಟೋ ಜನ. ಕೋರ್ಟಿನಲ್ಲಿ ಮುಖ್ಯಸ್ಥೆಯ ಜೊತೆ ಉತ್ತರ ಕೊಡಬೇಕಾಗಿ ಬಂದಿದ್ದು ಟ್ರಸ್ಟಿಗಳು. ಅವರನ್ನು ನಿರ್ದೇಶಕ ಸ್ಥಾನಗಳಿಂದ ನಿಷೇಧಿಸಬೇಕು ಅನ್ನುವ ಮನವಿಯನ್ನು 2021ರಲ್ಲಿ ಹೈಕೋರ್ಟ್ ತಳ್ಳಿಹಾಕಿತು. ಆದರೂ 2022ರಲ್ಲಿ ಚಾರಿಟಿ ಕಮಿಷನ್, ಬಾಕಿ ಕೊಡಬೇಕಾದವರಿಗೂ ತೆರಿಗೆ ಇಲಾಖೆಗೂ ಸಮಯಕ್ಕೆ ಹಣ ಕಟ್ಟದೇ ಇದ್ದದ್ದು ಕೆಟ್ಟ ಆಡಳಿತ ಅಂತ ವರದಿ ಬರೆಯಿತು. ಸಂಬಳವಿಲ್ಲದ ಹುದ್ದೆಗೆ ಇಷ್ಟು ವರ್ಷದ ತಲೆನೋವು.

ಕಾನೂನಿನಲ್ಲಿ ಇನ್ನೊಂದು ಮಜಾ ಇದೆ. 2011ರ ಚಾರಿಟೀಸ್ ಕಾಯ್ದೆಯ 177ನೇ ಸೆಕ್ಷನ್ ಪ್ರಕಾರ, ಚಾರಿಟಿಯ ಆಡಳಿತದ ಹಿಡಿತ ಯಾರ ಕೈಯಲ್ಲಿದೆಯೋ ಅವರೇ ಟ್ರಸ್ಟಿ. ಬೋರ್ಡಿನ ಮೇಲೆ ಗವರ್ನರ್, ಡೈರೆಕ್ಟರ್, ಕಮಿಟಿ ಮೆಂಬರ್ ಅಂತ ಏನೇ ಬರೆದಿರಲಿ. ಅಂದರೆ ಸಲಹೆಗಾರ ಅಂತ ಹೇಳಿಕೊಂಡು ಒಳಗೆ ಎಲ್ಲ ತೀರ್ಮಾನವನ್ನೂ ತಾನೇ ಮಾಡುವವರು ಸ್ವಲ್ಪ ಹುಷಾರಾಗಿರಬೇಕು.

ಸಣ್ಣಪುಟ್ಟ ತಕರಾರುಗಳೂ ಇವೆ. ವರ್ಷಕ್ಕೆ 25,000 ಪೌಂಡಿಗಿಂತ ಕಡಿಮೆ ಆದಾಯದ ಚಾರಿಟಿಗಳಲ್ಲಿ ಹೆಚ್ಚಿನವು ಲೆಕ್ಕಪತ್ರ ಕಳಿಸಬೇಕಾಗಿಲ್ಲ, ಹಾಗಾಗಿ ಸಣ್ಣ ಚಾರಿಟಿಯ ಪುಟದಲ್ಲಿ ಮೊತ್ತ ಮಾತ್ರ ಸಿಗುತ್ತದೆ, ಟಿಪ್ಪಣಿ ಸಿಗಲ್ಲ. ಪಿಡಿಎಫ್‌ಗಳಲ್ಲಿ ಎಷ್ಟೋ ಬರೀ ಸ್ಕ್ಯಾನ್, ಒಂದು ಹೆಸರು ಹುಡುಕಬೇಕಾದರೂ ಕಣ್ಣಲ್ಲೇ ಹುಡುಕಬೇಕು. ಹೊಸ ಟ್ರಸ್ಟಿ ಬಂದಿದ್ದು, ಹಳಬರು ಬಿಟ್ಟಿದ್ದು ಚಾರಿಟಿಯವರೇ ತಿದ್ದಬೇಕು, ಅವರು ಮರೆತರೆ ಹಳೆಯ ಪಟ್ಟಿಯೇ ನಿಂತಿರುತ್ತದೆ. ಚಾರಿಟಿ ಕಂಪನಿ ರೂಪದಲ್ಲಿದ್ದರೆ ಕಂಪನಿಗಳ ನೋಂದಣಿ ಕಚೇರಿಯಾದ ಕಂಪನೀಸ್ ಹೌಸಿನಲ್ಲೂ ನೋಡಿ, ಎರಡೂ ಪಟ್ಟಿ ತಾಳೆಯಾಗಬೇಕು. ಸ್ಕಾಟ್ಲೆಂಡಿನದ್ದು ಬೇರೆ ರಿಜಿಸ್ಟರು.

ಊರಿನ ಜೊತೆ ಹೋಲಿಸಿದರೆ ಈ ತಕರಾರುಗಳು ಏನೂ ಅಲ್ಲ. ನಮ್ಮ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯೂ 1960ರದ್ದೇ. ಅದರಲ್ಲೂ ಪ್ರತಿ ವರ್ಷ ಆಡಳಿತ ಮಂಡಳಿಯ ಪಟ್ಟಿ ಕೊಡಬೇಕು. ಕೊಟ್ಟಿದ್ದನ್ನು ನೋಡಲು ಜಿಲ್ಲಾ ನೋಂದಣಾಧಿಕಾರಿ ಕಚೇರಿಗೆ ಅಲೆಯಬೇಕು. ಟ್ರಸ್ಟ್ ಆಗಿದ್ದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಡೀಡಿನ ನಕಲು ತೆಗೆಸಬೇಕು. ಕೇಂದ್ರ ಸರ್ಕಾರದ ಎನ್‌ಜಿಒ ದರ್ಪಣ್ ವೆಬ್‌ಸೈಟಿನಲ್ಲಿ ಹೆಸರು ಸೇರಿಸಿಕೊಂಡ ಸಂಸ್ಥೆಗಳಾದರೆ ಪದಾಧಿಕಾರಿಗಳ ಹೆಸರು ಸಿಗುತ್ತದೆ, ಅಷ್ಟೇ ಸಮಾಧಾನ.

ಹುಡುಗನಿಗೆ ಫೋನ್ ಮಾಡಿ, "ಸಲಹಾ ಮಂಡಳಿ ಕೊನೆಗೆ ಸೇರಿದ್ದು ಯಾವಾಗಪ್ಪಾ?" ಅಂತ ಕೇಳಿದೆ. "ಸೇರೋದಿಲ್ಲ ಅಕ್ಕಾ, ಬೇಕಾದಾಗ ಈಮೇಲ್ ಮಾಡ್ತೀವಿ" ಅಂದ. ಈಮೇಲಿಗೆ ಉತ್ತರ ಬರುತ್ತಾ ಅಂದರೆ, "ಒಬ್ಬರು ಕೊಡ್ತಾರೆ" ಅಂದ. ಹಾಗಾದರೆ ಆ ಒಬ್ಬರ ಫೋಟೋ ಇಟ್ಟುಕೊಂಡು ಮಿಕ್ಕಿದ್ದನ್ನು ಬ್ರೋಷರಿನಿಂದ ತೆಗೆಯಿರಿ, ಇಲ್ಲವೇ ವರ್ಷಕ್ಕೊಮ್ಮೆಯಾದರೂ ಕೂರಿಸಿ ನಡಾವಳಿ ಬರೆಯಿರಿ ಅಂದೆ. ಪ್ರತಿಯೊಬ್ಬರ ಕಂಪನಿ ಸಂಬಂಧಗಳನ್ನೂ ಹೆಸರಿನ ಕೆಳಗೇ ಹಾಕಿ ಅಂತಲೂ ಹೇಳಿದೆ. ಖಜಾಂಚಿ ವಿಷಯಕ್ಕೆ ಇನ್ನೂ ಹೂಂ ಅಂದಿಲ್ಲ. ಅಧ್ಯಕ್ಷರು ಹದಿನಾಲ್ಕು ವರ್ಷ ಯಾಕೆ ಅನ್ನೋದಕ್ಕೆ ಒಂದು ಕಾಗದ, ಜೊತೆಗೆ ಕಳೆದ ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿದ್ದೇನೆ.