ನಮ್ಮ ‘ಎಮ್ಮೆ’ಗೆ ಎಸ್‌ಎಸ್‌ಡಿ ಹಾಕಿ ಎರಡು ವರ್ಷ

ಮನೆ ಕಂಪ್ಯೂಟರಿಗೆ ಎಮ್ಮೆ ಅಂತ ಹೆಸರಿಟ್ಟಿದ್ದು ಅಮ್ಮ. 2011ರಲ್ಲಿ ತುಮಕೂರಿನ ಬಿ.ಎಚ್. ರಸ್ತೆಯ ಅಂಗಡಿಯಲ್ಲಿ ಜೋಡಿಸಿ ತಂದದ್ದು, ಇಂಟೆಲ್ಲಿನ ಎರಡನೇ ತಲೆಮಾರಿನ ಕೋರ್ ಐ3 ಪ್ರೊಸೆಸರ್. ಆಗ ಅದೇ ದೊಡ್ಡ ಜಂಬ. ಆಮೇಲಾಮೇಲೆ ಎಬ್ಬಿಸಿದರೂ ಏಳದು, ಎದ್ದರೆ ಬುಸ್ ಅನ್ನುವುದು. ಅಪ್ಪ ಬೆಳಿಗ್ಗೆ ಸ್ವಿಚ್ ಒತ್ತಿ, ಚಪ್ಪಲಿ ಮೆಟ್ಟಿಕೊಂಡು ನಂದಿನಿ ಬೂತಿಗೆ ಹೋಗಿ, ಅಲ್ಲಿ ಯಾರಾದರೂ ಸಿಕ್ಕಿದರೆ ಮಾತಾಡಿ, ಹಾಲು ತಂದು ಫ್ರಿಜ್ಜಿಗಿಟ್ಟರೂ ನಮ್ಮ ಎಮ್ಮೆ ಇನ್ನೂ ಮೆಲುಕು ಹಾಕುತ್ತಾ ಇರುತ್ತಿತ್ತು.

ಹೊಸದು ಕೊಳ್ಳೋಕೆ ದುಡ್ಡಿರಲಿಲ್ಲ. ತಿರುಗುವ ಹಾರ್ಡ್ ಡಿಸ್ಕಿನ ಬದಲು ಚಿಪ್‌ಗಳಲ್ಲೇ ಎಲ್ಲ ಇಟ್ಟುಕೊಳ್ಳುವ 240 ಜಿಬಿ ಎಸ್‌ಎಸ್‌ಡಿ ಮತ್ತು ಹಳೇ 4 ಜಿಬಿ ರ‍್ಯಾಮ್ ಒಂದು ತಂದು ನಾನೇ ಕೂತು ಹಾಕಿದೆ. ಪಕ್ಕದ ತಗಡು ಬಿಚ್ಚಿದರೆ ಒಳಗೆ ಹತ್ತಿಯಂಥ ದೂಳು, ಮೂಲೆಯಲ್ಲಿ ಹಲ್ಲಿ ಮೊಟ್ಟೆಯ ಎರಡು ಚಿಪ್ಪು! ನಮ್ಮದು ಎಚ್61 ಮದರ್‌ಬೋರ್ಡು, ಡಿಸ್ಕು ಜೋಡಿಸುವ ಸಾಟಾ ದಾರಿ ಸೆಕೆಂಡಿಗೆ 3 ಗಿಗಾಬಿಟ್ಟಿಗೇ ನಿಲ್ಲುತ್ತೆ. ಎಸ್‌ಎಸ್‌ಡಿ ಡಬ್ಬದ ಮೇಲೆ ಬರೆದ ವೇಗದಲ್ಲಿ ಅರ್ಧ ಸಿಕ್ಕರೆ ಹೆಚ್ಚು. ಆ ಅರ್ಧದಲ್ಲೇ ಅಪ್ಪ ಚಪ್ಪಲಿ ಹುಡುಕುವಷ್ಟರಲ್ಲಿ ಪರದೆ ಬಂದುಬಿಟ್ಟಿತು.

ಇಲ್ಲಿಂದ ತಲೆನೋವು ಶುರು. ಬೇಗ ಏಳುತ್ತಲ್ಲ ಅಂತ ಅಪ್ಪ ರಾತ್ರಿ ಗೋಡೆ ಸ್ವಿಚ್ಚನ್ನೂ ಆರಿಸತೊಡಗಿದರು. ಮೊದಲೆಲ್ಲ ಅದನ್ನು ಮುಟ್ಟುತ್ತಲೇ ಇರಲಿಲ್ಲ. ಬೆಳಿಗ್ಗೆ ನೋಡಿದರೆ ‘ಎಫ್1 ಒತ್ತಿ’ ಅನ್ನುತ್ತೆ, ದಿನಾಂಕ 2011ಕ್ಕೆ ಹೋಗಿರುತ್ತೆ, ಬ್ರೌಸರ್ ‘ನಿಮ್ಮ ಗಡಿಯಾರ ಹಿಂದಿದೆ’ ಅಂತ ಯಾವ ಪುಟವನ್ನೂ ತೆರೆಯಲ್ಲ. ಎರಡು ತಿಂಗಳು ಅಪ್ಪ ದಿನಾ ಗೋಡೆ ಕ್ಯಾಲೆಂಡರ್ ನೋಡಿ ತಾರೀಖು ತಿದ್ದಿದರು. ನಾನು ಸುಮ್ನೆ ಎಸ್‌ಎಸ್‌ಡಿಯನ್ನು ಬೈಯುತ್ತಿದ್ದೆ. ಕಡೆಗೆ ಗೊತ್ತಾಯ್ತು, ಬೋರ್ಡಿನ ಮೇಲಿನ ಬಿಲ್ಲೆ ಸೆಲ್ಲು ಸತ್ತು ಯಾವ ಕಾಲವಾಗಿತ್ತೋ, ಗೋಡೆಯಿಂದ ಬರುವ ಕರೆಂಟೇ ಇಷ್ಟು ದಿನ ಗಡಿಯಾರ ನಡೆಸುತ್ತಿತ್ತು. ಸಿಆರ್2032, ಮೂರು ವೋಲ್ಟು, ವಾಚ್ ರಿಪೇರಿ ಅಂಗಡಿಯಲ್ಲಿ 30 ರೂಪಾಯಿಗೆ ಸಿಕ್ಕಿತು. ಎಸ್‌ಎಸ್‌ಡಿ ಹಾಕುವ ದಿನವೇ ಇದನ್ನೂ ಬದಲಾಯಿಸಿ, ಪೆಟ್ಟಿಗೆ ಹೇಗೂ ಬಿಚ್ಚಿರ್ತೀರಲ್ವಾ.

ಈಗ ಬೇಜಾರು ಬೇರೆಯದು. 2025ರ ಅಕ್ಟೋಬರ್ 14ಕ್ಕೆ ನಮ್ಮ ಎಮ್ಮೆಯಲ್ಲಿರುವ ವಿಂಡೋಸ್ 10ರ ಬೆಂಬಲ ಮುಗಿಯಿತು, ಅಂದರೆ ಮಾಮೂಲಿ ಭದ್ರತಾ ಅಪ್‌ಡೇಟ್ ನಿಂತವು. ವಿಂಡೋಸ್ 11 ಬೇಕಂದ್ರೆ ಟಿಪಿಎಂ 2.0 ಅನ್ನೋ ಭದ್ರತಾ ಸೌಲಭ್ಯ ಇರಬೇಕು, ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೇ ತಲೆಮಾರಾದರೂ ಆಗಿರಬೇಕು. ಇಷ್ಟು ಚೆನ್ನಾಗಿ ಓಡೋ ಯಂತ್ರವನ್ನು ಗುಜರಿಗೆ ಹಾಕು ಅಂದ್ರೆ ಕೋಪ ಬರಲ್ವಾ? ಪೆನ್‌ಡ್ರೈವಿನಲ್ಲಿ ವಿಂಡೋಸಿನ ಬದಲು ಬಿಟ್ಟಿ ಸಿಗುವ ಲಿನಕ್ಸ್ ಮಿಂಟ್ ಹಾಕಿ ನೋಡಿದೆ, ಚೆನ್ನಾಗೇ ಓಡಿತು. ಆದರೆ ಅಪ್ಪ ನಮ್ಮಜ್ಜಿ ಹೇಳುತ್ತಿದ್ದ ಸೋಬಾನೆ ಪದಗಳನ್ನೆಲ್ಲ ಹಳೇ ನುಡಿ ಫಾಂಟಿನಲ್ಲಿ ಕುಟ್ಟಿಟ್ಟಿದ್ದಾರೆ. ಅದು ಈಗ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ, ಮಿಂಟಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಫಾಂಟ್ ಹಾಕಿದ ಮೇಲೆ ಓದೋಕೇನೋ ಬಂತು, ಆದರೆ ಅವರು ಟೈಪು ಮಾಡುವ ನುಡಿ ತಂತ್ರಾಂಶ ವಿಂಡೋಸಿನದು. ‘ನಿನ್ನ ಮಿಂಟು ನೀನೇ ಇಟ್ಕೋಪ್ಪ’ ಅಂದುಬಿಟ್ಟರು.

ಹಾಗಾಗಿ ವಿಂಡೋಸ್ 10 ಅನ್ನೇ ಉಳಿಸಿಕೊಂಡು ನೆಟ್ ವೈರು ಕಿತ್ತಿಟ್ಟಿದ್ದೇನೆ. ಬ್ಯಾಂಕು, ಕರೆಂಟ್ ಬಿಲ್ಲು ಎಲ್ಲ ಮೊಬೈಲಲ್ಲಿ, ಎಮ್ಮೆ ಟೈಪಿಂಗಿಗೆ ಮಾತ್ರ. ಬರೀ ಬರೆಯೋಕೆ, ಓದೋಕೆ, ಹಾಡು ಕೇಳೋಕೆ ಅನ್ನೋರು ಧೈರ್ಯವಾಗಿ ಎಸ್‌ಎಸ್‌ಡಿ ಹಾಕಿಸಿ. ಆನ್‌ಲೈನ್ ಕೆಲಸವೇ ಜಾಸ್ತಿ, ವಿಂಡೋಸ್ ಬಿಡೋಕಾಗಲ್ಲ ಅನ್ನೋರು ಆ ದುಡ್ಡು ಉಳಿಸಿಕೊಳ್ಳಿ.

ಅಪ್ಪ ಮಾತ್ರ ಈಗಲೂ ಸ್ವಿಚ್ ಒತ್ತಿಯೇ ಹಾಲಿಗೆ ಹೋಗುತ್ತಾರೆ. ಬರುವಷ್ಟರಲ್ಲಿ ಪರದೆ ಮತ್ತೆ ಕಪ್ಪಾಗಿರುತ್ತೆ. ಮೌಸ್ ಅಲ್ಲಾಡಿಸಿ, ‘ಮತ್ತೆ ಮಲಗಿದ್ಯೇನೇ?’ ಅನ್ನುತ್ತಾರೆ.