‘ಪಾಲಿಕೆಯವರೇ ಖಾಲಿ ಮಾಡಿಸಿ ಅಂದ್ರು’ ಅಂತ ಓನರ್ ಹೇಳಿದ್ರೆ ನಂಬಬೇಡಿ, ನಾನು ನಂಬಿ ಕೆಟ್ಟೆ

ಬರೆಯೋಕೆ ನಾಚಿಕೆ ಆಗ್ತಿದೆ. ಆದ್ರೂ ಬರೀತೀನಿ, ಯಾಕಂದ್ರೆ ಆ ಬಿಲ್ಡಿಂಗ್‌ಗೆ ಈಗ ಪಿಜಿ ಬೋರ್ಡ್ ಬಿದ್ದಿದೆ.

ಬೆಂಗಳೂರಲ್ಲಿ ಎಂಟು ಮನೆ ವಠಾರ. ಬಾಡಿಗೆ 9,000, ಅಡ್ವಾನ್ಸ್ 90,000. ಕೆಳಗಿನ ನಾಲ್ಕು ಮನೆಗೆ ಒಂದೇ ಟಾಯ್ಲೆಟ್. ಅದರ ಛೇಂಬರ್‌ಗೂ ಸಂಪ್‌ಗೂ ನಡುವೆ ಮೂರಡಿ ಜಾಗ ಇಲ್ಲ. ಛೇಂಬರ್ ಕಟ್ಟಿಕೊಂಡಾಗೆಲ್ಲ ಗಲೀಜು ಸಂಪ್ ಮುಚ್ಚಳದ ಸುತ್ತ ನಿಲ್ಲೋದು. ಮೆಟ್ಟಿಲ ಕೆಳಗೆ ಮೀಟರ್ ಬೋರ್ಡ್, ಮುಚ್ಚಳ ಇಲ್ಲ, ಹಿಂದಿನ ಗೋಡೆ ಸದಾ ಒದ್ದೆ. ಮೊದಲು ನನ್ನ ಮಗಳಿಗೆ ವಾಂತಿಭೇದಿ, ಆಮೇಲೆ ಎದುರು ಮನೆ ಹುಡುಗನಿಗೆ. ಓನರ್ ಅಂಕಲ್‌ಗೆ ಹೇಳಿದ್ರೆ, “ಕುದಿಸಿ ಕುಡೀಬೇಕಮ್ಮ. ಇಷ್ಟು ವರ್ಷ ಯಾರಿಗೂ ಆಗದ್ದು ನಿಮಗೇ ಯಾಕೆ ಆಗುತ್ತೆ?”

1916ಕ್ಕೆ ಫೋನ್ ಮಾಡಿದೆ. ಜಲಮಂಡಳಿಯಿಂದ ಒಬ್ಬರು ಬಂದ್ರು. ಬೀದಿ ಲೈನ್ ನೀರಿಗೆ ನಾಲ್ಕು ಹನಿ ಔಷಧಿ ಹಾಕಿದ್ರೆ ಹಳದಿ ಆಯ್ತು, ಅಂದ್ರೆ ಕ್ಲೋರಿನ್ ಇದೆ. ನಮ್ಮ ಸಂಪ್ ನೀರಿಗೆ ಹಾಕಿದ್ರೆ ಬಣ್ಣವೇ ಬರಲಿಲ್ಲ. “ಸಂಪ್ ಕೆಟ್ಟಿದೆ ಮೇಡಂ, ಅದು ಓನರ್ ಜವಾಬ್ದಾರಿ” ಅಂದ್ರು. ಆಮೇಲೆ ಪಾಲಿಕೆಯ 1533. ಆರೋಗ್ಯ ನಿರೀಕ್ಷಕರು ಬಂದು ಫೋಟೋ ತಗೊಂಡ್ರು, ಓನರ್‌ಗೆ ನೋಟಿಸ್ ಕೊಡ್ತೀವಿ ಅಂದ್ರು. ಅವತ್ತು ನಾನು ಗೆದ್ದೆ ಅಂದ್ಕೊಂಡೆ. ದಡ್ಡಿ!

ಒಂದು ಭಾನುವಾರ ಬೆಳಗ್ಗೆ ಓನರ್ ಕಂದು ಕವರ್ ಹಿಡ್ಕೊಂಡು ಬಂದ್ರು. ಕಾಗದ ಅರ್ಧ ಹೊರಗೆಳೆದು ಸೀಲ್ ಮಾತ್ರ ತೋರಿಸಿದ್ರು. “ನೋಡಮ್ಮ, ನೀವು ಕರೆಸಿದ್ದಕ್ಕೆ ಪಾಲಿಕೆಯವರು ಬಿಲ್ಡಿಂಗೇ ಖಾಲಿ ಮಾಡಿಸಿ ಅಂತ ನೋಟಿಸ್ ಕೊಟ್ಟಿದ್ದಾರೆ. ಹದಿನೈದು ದಿನ. ಇಲ್ಲಾಂದ್ರೆ ಪೊಲೀಸ್ ಕರ್ಕೊಂಡು ಬರ್ತಾರಂತೆ.”

ಕೈ ಚಾಚಿದ್ರೆ ಸಿಗ್ತಿತ್ತು ಆ ಕಾಗದ. ಚಾಚಲಿಲ್ಲ. ವಾಸಕ್ಕೆ ಯೋಗ್ಯವಲ್ಲದ ಕಟ್ಟಡ ಖಾಲಿ ಮಾಡಿಸೋ ಅಧಿಕಾರ ಪಾಲಿಕೆಗೆ ಇದೆ ಅಂತ ಎಲ್ಲೋ ಓದಿದ್ದೆ, ಅದಕ್ಕೇ ನಂಬಿದೆ. ಏನೂ ಗೊತ್ತಿಲ್ಲದೋಳಾಗಿದ್ರೆ ಕಾಗದ ಕೇಳ್ತಿದ್ದೆನೋ ಏನೋ. ಇನ್ನೂ ಹೊಟ್ಟೆ ಉರಿಯೋದು ಬೇರೆ ವಿಷಯಕ್ಕೆ: ಉಳಿದ ಏಳು ಮನೆಗೂ ನಾನೇ ಹೋಗಿ ಹೇಳಿದೆ, ಕ್ಷಮಿಸಿ ಅಂತ ಕೈ ಮುಗಿದೆ. ಓನರ್ ಕೆಲಸ ನಾನೇ ಮಾಡಿಕೊಟ್ಟೆ! ಹೂ ಮಾರೋ ಅಜ್ಜಿ, “ನಿನ್ನ ಮಗಳಿಗೆ ವಾಂತಿ ಆಯ್ತು ಅಂತ ನಮ್ಮನ್ನೆಲ್ಲ ಬೀದಿಗೆ ಹಾಕಿದ್ಯಲ್ಲ ತಾಯಿ” ಅಂದ್ರು.

ಅಡ್ವಾನ್ಸ್‌ನಲ್ಲಿ ಪೇಂಟಿಂಗ್‌ಗೆ 9,000, ಸಂಪ್ ಕ್ಲೀನಿಂಗ್‌ಗೆ 6,000, ನೋಟಿಸ್ ಪೀರಿಯಡ್ ಅಂತ ಇನ್ನೊಂದು 9,000 ಹಿಡಿದ್ರು. ಖಾಲಿ ಮಾಡಿಸಿದ್ದೂ ಅವರೇ, ಖಾಲಿ ಮಾಡಿದ್ದಕ್ಕೆ ದುಡ್ಡು ಹಿಡಿದದ್ದೂ ಅವರೇ.

ಎರಡು ತಿಂಗಳಾದ ಮೇಲೆ ಆ ದಾರೀಲಿ ಹೋಗ್ತಿದ್ದಾಗ ಕಬ್ಬಿಣದ ಮಂಚ ಇಳಿಸ್ತಿದ್ರು. ನಮ್ಮ ಹತ್ತಕ್ಕೆ ಹತ್ತರ ರೂಮಿಗೆ ಮೂರು ಮಂಚ. 2024ರ ಪಿಜಿ ಮಾರ್ಗಸೂಚಿ ಪ್ರಕಾರ ತಲೆಗೆ 70 ಚದರ ಅಡಿ ಇರಬೇಕು, ದಿನಕ್ಕೆ 135 ಲೀಟರ್ ನೀರು ಕೊಡಬೇಕು. ಅಲ್ಲಿ ತಲೆಗೆ ಮೂವತ್ತಮೂರು ಅಡಿ, ಮತ್ತದೇ ಸಂಪ್.

ಆಗ ಅನುಮಾನ ಬಂತು. ಹತ್ತು ರೂಪಾಯಿ ಕಟ್ಟಿ ಆರ್‌ಟಿಐ ಹಾಕಿದೆ. ನೋಟಿಸ್ ಕಾಪಿ ಬಂತು. ಸಂಪ್ ಶುಚಿ ಮಾಡಿಸಿ, ಛೇಂಬರ್ ಬೇರೆ ಕಡೆ ಹಾಕಿಸಿ, ಮೀಟರ್ ಬೋರ್ಡ್ ಸರಿಪಡಿಸಿ ಅಂತಿದೆ. ಆ ಹದಿನೈದು ದಿನ ಓನರ್‌ಗೆ ರಿಪೇರಿಗೆ ಕೊಟ್ಟ ಗಡುವು! ‘ಖಾಲಿ’ ಅನ್ನೋ ಪದವೇ ಇಲ್ಲ. ಮೂರು ಸಲ ಓದಿದೆ. ಇಲ್ಲ.

ಓನರ್‌ಗೆ ವಾಟ್ಸಾಪ್‌ನಲ್ಲಿ ಅದರ ಫೋಟೋ ಕಳಿಸಿದೆ. ಉತ್ತರ: “ರಿಪೇರಿ ಮಾಡ್ಬೇಕಂದ್ರೆ ಖಾಲಿ ಮಾಡಿಸ್ಲೇಬೇಕಲ್ಲಮ್ಮ.” ಹಿಡಿದ ದುಡ್ಡು? “ಅಗ್ರಿಮೆಂಟ್ ಓದ್ಕೊಳ್ಳಿ.” ಆಮೇಲೆ ಬ್ಲಾಕ್.

ದೂರು ಕೊಡಿ, ಕೊಡಬೇಡಿ ಅಂತಿಲ್ಲ. ಒಬ್ಬರೇ ಹೋಗಬೇಡಿ, ಎಲ್ಲ ಮನೆಯವರ ಸಹಿ ಹಾಕಿಸಿ, ದೂರಿನ ನಂಬರ್ ಇಟ್ಕೊಳ್ಳಿ. ನೋಟಿಸ್ ಹೋಗೋದು ಓನರ್ ಹೆಸರಿಗೆ, ನಮಗಲ್ಲ. ಕಸಿದುಕೊಂಡಾದ್ರೂ ಓದಿ, ಇಲ್ಲಾ ಆಫೀಸಿಗೇ ಹೋಗಿ ಕೇಳಿ. ಅಲ್ಲೀವರೆಗೂ ಒಂದು ಪಾತ್ರೆನೂ ಕಟ್ಟಬೇಡಿ.

ಹೂವಿನ ಅಜ್ಜಿನ ಮೊನ್ನೆ ಮಾರ್ಕೆಟ್‌ನಲ್ಲಿ ನೋಡಿದೆ. ನೋಟಿಸ್ ಜೆರಾಕ್ಸ್ ಕೈಗೆ ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿ, ನಂಗೆ ಓದೋಕೆ ಬರಲ್ಲಮ್ಮ ಅಂತ ವಾಪಸ್ ಕೊಟ್ಟು ಹೂವಿಗೆ ನೀರು ಚಿಮುಕಿಸ್ತಾ ಕೂತ್ರು.