ಕೊ ಫಂಗನ್ ದ್ವೀಪದಲ್ಲಿ ಸ್ಕೂಟರ್ ಬಾಡಿಗೆಗೆ ಪಾಸ್‌ಪೋರ್ಟ್ ಕೊಡಬೇಡಿ. ಫೋಟೊ ತೆಗೆದಿದ್ದರೂ ಕೊಡಬೇಡಿ

ಥೈಲ್ಯಾಂಡಿಗೆ ಬರುವವರೆಲ್ಲ ಇದನ್ನು ಓದಿ. ಇಲ್ಲೇ ಇದ್ದು ಕೆಲಸ ಮಾಡುವವರು ಇನ್ನೂ ಸರಿಯಾಗಿ ಓದಿ. ಸ್ಕೂಟರ್ ಬಾಡಿಗೆಗೆ ತೆಗೆದುಕೊಳ್ಳುವಾಗ ಪಾಸ್‌ಪೋರ್ಟ್ ಅಡ ಇಡಬೇಡಿ. ಗಾಡಿಯ ಫೋಟೊ ಇದೆ, ವಿಡಿಯೊ ಇದೆ, ನಮಗೇನಾಗುತ್ತೆ ಅಂತ ಧೈರ್ಯವಾಗಿ ಇರಬೇಡಿ. ನನ್ನ ಹತ್ತಿರವೂ ಫೋಟೊ ಇತ್ತು. ಆದರೂ 9,000 ಬಾತ್ ಹೋಯಿತು. ಬಾತ್‌ಗೆ ಎರಡೂವರೆ ರೂಪಾಯಿ ಅಂತ ಹಿಡಿದರೂ 22,500 ರೂಪಾಯಿ. ಒಂದು ಗೀರಿಗೆ! ನಾವು ಮಾಡದೇ ಇರುವ ಗೀರಿಗೆ.

ನಾನು ನಖೋನ್ ಪಾಥೋಮ್‌ನ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಇಲ್ಲಿ ಮಾರ್ಚ್‌ನಲ್ಲಿ ಶಾಲೆ ಮುಗಿದರೆ ಮತ್ತೆ ಬಾಗಿಲು ತೆರೆಯುವುದು ಮೇ ಮಧ್ಯಕ್ಕೆ. ನಡುವೆ ಏಪ್ರಿಲ್ 13ರಿಂದ 15ರವರೆಗೆ ಸೊಂಗ್‌ಕ್ರಾನ್, ಅಂದರೆ ಥಾಯ್ ಹೊಸ ವರ್ಷ. ನಮ್ಮ ಶಾಲೆಯ ಗುಂಪೊಂದು ಆ ರಜೆಗೆ ದ್ವೀಪಕ್ಕೆ ಹೊರಟಿತು. ನಾನು, ಫಿಲಿಪೀನ್ಸ್‌ನಿಂದ ಬಂದಿರುವ ನರ್ಸರಿ ಮಿಸ್, ಗಣಿತ ಹೇಳಿಕೊಡುವ ಮಲಯಾಳಿ ಮೇಷ್ಟ್ರು, ಅವರ ಹೆಂಡತಿ. ಮೇಷ್ಟ್ರನ್ನು ನಾವೆಲ್ಲ ಚೇಟಾ ಅಂತಲೇ ಕರೆಯುತ್ತೇವೆ. ಬ್ಯಾಂಕಾಕ್‌ನಿಂದ ದಕ್ಷಿಣಕ್ಕೆ ಹೋಗುವ ರಾತ್ರಿ ರೈಲು ನಖೋನ್ ಪಾಥೋಮ್‌ನಲ್ಲೂ ನಿಲ್ಲುತ್ತದೆ. ಬೆಳಗ್ಗೆ ಸುರಾಟ್ ಥಾನಿ, ಅಲ್ಲಿಂದ ಬಸ್ಸಲ್ಲಿ ಡೊನ್ ಸಾಕ್ ಬಂದರು, ಆಮೇಲೆ ಫೆರಿ. ಅಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಇತ್ತು.

ದ್ವೀಪದಲ್ಲಿ ಓಡಾಡಲು ಸೊಂಗ್‌ತೇವ್ ಇವೆ. ಹಿಂದೆ ಎದುರುಬದುರು ಬೆಂಚ್ ಹಾಕಿದ ಪಿಕಪ್ ಗಾಡಿಗಳು. ನಾಲ್ಕು ಜನ ದಿನಾ ಅದರಲ್ಲಿ ತಿರುಗಿದರೆ ಜೇಬು ಖಾಲಿ. ಹಾಗಾಗಿ ಎಲ್ಲರೂ ಸ್ಕೂಟರ್ ತೆಗೆದುಕೊಳ್ಳುತ್ತಾರೆ. ಗೋವಾ, ಗೋಕರ್ಣಕ್ಕೆ ಹೋದವರಿಗೆ ಇದೆಲ್ಲ ಗೊತ್ತೇ ಇದೆ. ದಿನಕ್ಕೆ 250 ಬಾತ್ ಅಂದರು. ಎರಡು ಗಾಡಿ ಸಾಕು.

ಅಂಗಡಿ ಇರುವುದು ಥೊಂಗ್ ಸಾಲಾದಲ್ಲಿ, ಬಂದರಿನ ಹತ್ತಿರ. ಅಂಗಡಿಯಾಕೆಗೆ ಐವತ್ತರ ಆಸುಪಾಸು, ನಗುಮುಖ. ನಾನು ನನಗೆ ಬರುವಷ್ಟು ಥಾಯ್‌ನಲ್ಲಿ ಮಾತಾಡಿದೆ. ಟೀಚರ್ ಅಂತ ಗೊತ್ತಾಗಿದ್ದೇ ತಡ, "ಓ, ಖ್ರೂ! ಖ್ರೂ!" ಅಂತ ಕೈ ಮುಗಿದಳು. ಖ್ರೂ ಅಂದರೆ ಥಾಯ್‌ನಲ್ಲಿ ಟೀಚರ್. ಯಾವ ಊರು, ಯಾವ ಶಾಲೆ, ಎಷ್ಟು ಸಂಬಳ, ಎಲ್ಲ ಕೇಳಿದಳು. ವಾಪಸ್ ಯಾವ ಫೆರಿ ಅಂತಲೂ ಕೇಳಿದಳು. ನಾನು ಹೇಳಿದೆ. ಯಾರು ಹೇಳಲ್ಲ ಹೇಳಿ? ಸುಮ್ನೆ ಮಾತಿಗೆ ಕೇಳುತ್ತಿದ್ದಾಳೆ ಅಂದುಕೊಳ್ಳುತ್ತೀರಿ ಅಲ್ವಾ?

ಡೆಪಾಸಿಟ್ 3,000 ಬಾತ್ ಕ್ಯಾಶ್ ಕೊಡುತ್ತೇನೆ ಅಂದೆ. ಬೇಡ, ಪಾಸ್‌ಪೋರ್ಟೇ ಬೇಕು ಅಂದಳು. ಸೊಂಗ್‌ಕ್ರಾನ್ ಸಮಯ, ಗಾಡಿ ಎಲ್ಲೋ ಬಿಟ್ಟು ದೋಣಿ ಹತ್ತಿಬಿಡುತ್ತಾರೆ, ಎಲ್ಲ ಅಂಗಡಿಯಲ್ಲೂ ಹೀಗೇ ಅಂದಳು. ಇನ್ಶೂರೆನ್ಸ್ ಇದೆಯಾ ಅಂದರೆ "ಹ್ಯಾವ್, ಹ್ಯಾವ್" ಅಂತ ಗಾಡಿಯ ಸ್ಟಿಕ್ಕರ್ ತೋರಿಸಿದಳು. ಚೇಟಾ ಸುತ್ತಲೂ ಫೋಟೊ ತೆಗೆದರು. ಮುಂದೆ, ಹಿಂದೆ, ಕನ್ನಡಿ, ಚಕ್ರ. ಅವಳೂ ನಗುತ್ತಾ ಪಕ್ಕಕ್ಕೆ ಸರಿದು ನಿಂತಳು. ತೆಗೀರಿ ತೆಗೀರಿ ಅನ್ನುವ ಹಾಗೆ.

ಸುತ್ತಾಟದ ಬಗ್ಗೆ ಜಾಸ್ತಿ ಬರೆಯುವ ಮನಸ್ಸಿಲ್ಲ. ಥಾನ್ ಸಡೆಟ್ ಜಲಪಾತ ನೋಡಿದೆವು. ಐದನೇ ರಾಮ ಅಂತ ಕರೆಸಿಕೊಳ್ಳುವ ಚುಲಾಲೊಂಗ್‌ಕೊರ್ನ್ ದೊರೆ ಅಲ್ಲಿನ ಬಂಡೆಯ ಮೇಲೆ ತನ್ನ ಹೆಸರಿನ ಅಕ್ಷರ ಕೆತ್ತಿಸಿದ್ದಾನೆ. ಥೊಂಗ್ ನಾಯ್ ಪಾನ್ ಕಡಲತೀರ ತುಂಬಾ ಚೆನ್ನಾಗಿದೆ. ಹಾಡ್ ರಿನ್ ಕಡೆಯ ರಸ್ತೆ ಗೋಡೆ ಹತ್ತಿದಂತೆ ಕಡಿದು, ಆ ಕಡೆ ಹೋಗಲೇ ಇಲ್ಲ. ಗಾಡಿ ಎಲ್ಲೂ ಬೀಳಿಸಲಿಲ್ಲ. ಎಲ್ಲೂ ತಾಗಿಸಲಿಲ್ಲ. ಮತ್ತೆ ಹೇಳುತ್ತೇನೆ, ಎಲ್ಲೂ ತಾಗಿಸಲಿಲ್ಲ.

ಹೊರಡುವ ದಿನ ಎಂಟಕ್ಕೆ ಅಂಗಡಿ ತೆಗೆಯುತ್ತೇನೆ ಅಂದಿದ್ದವಳು ಬಂದಿದ್ದು ಹತ್ತೂವರೆಗೆ. ನಮ್ಮ ಫೆರಿ ಹನ್ನೆರಡಕ್ಕೆ. ಚೇಟಾನ ಗಾಡಿ ನೋಡಿ, ಓಕೆ ಅಂದು ಪಾಸ್‌ಪೋರ್ಟ್ ಕೊಟ್ಟಳು. ಆಮೇಲೆ ನನ್ನ ಗಾಡಿಗೆ ಬಂದಳು.

ಇಲ್ಲಿ ಗಮನವಿಟ್ಟು ಓದಿ. ಅವಳು ಎಲ್ಲೂ ಹುಡುಕಲಿಲ್ಲ. ಮುಂಭಾಗ ನೋಡಲಿಲ್ಲ, ಕನ್ನಡಿ ನೋಡಲಿಲ್ಲ. ಮೊಬೈಲ್ ಟಾರ್ಚ್ ಹಾಕಿಕೊಂಡು ನೇರವಾಗಿ ಮಂಡಿ ಊರಿ ಕೂತು, ಕಾಲಿಡುವ ಜಾಗದ ತಳಭಾಗಕ್ಕೆ ಬೆಳಕು ಬಿಟ್ಟಳು. "ಖ್ರೂ, ಬಿಗ್ ಪ್ರಾಬ್ಲಮ್" ಅಂದಳು. ಬಗ್ಗಿ ನೋಡಿದೆ. ಅಡಿಯ ಪ್ಲಾಸ್ಟಿಕ್‌ನಲ್ಲಿ ಬೆರಳುದ್ದದ ಗೀರು, ಒಳಗೆಲ್ಲ ಹಳೆಯ ಕೊಳೆ ಕೂತಿತ್ತು. ಹೊಸ ಗೀರಲ್ಲಿ ಕೊಳೆ ಎಲ್ಲಿಂದ ಬರಬೇಕು? ಆ ಕ್ಷಣಕ್ಕೇ ಗೊತ್ತಾಯಿತು ನನಗೆ ಟೋಪಿ ಬಿತ್ತು ಅಂತ. ಹೊಟ್ಟೆಯೊಳಗೆ ತಣ್ಣಗಾಯಿತು. ಯಾಕೆಂದರೆ ನಮ್ಮ ಅಷ್ಟೂ ಫೋಟೊಗಳಲ್ಲಿ ಗಾಡಿಯ ತಳದ್ದು ಒಂದೂ ಇಲ್ಲ. ಯಾರು ಗಾಡಿಯ ಕೆಳಗೆ ಮಲಗಿ ಫೋಟೊ ತೆಗೆಯುತ್ತಾರೆ?

ಒಳಗಿನಿಂದ ಲ್ಯಾಮಿನೇಟ್ ಮಾಡಿದ ಹಾಳೆ ಬಂತು. ಯಾವ ಭಾಗಕ್ಕೆ ಎಷ್ಟು ಅಂತ ಇಂಗ್ಲಿಷ್‌ನಲ್ಲಿ ಅಚ್ಚುಕಟ್ಟಾಗಿ ಅಚ್ಚು ಹಾಕಿಸಿದ್ದರು. ಒಟ್ಟು 14,500 ಬಾತ್! ಒಂದು ಗೀರಿಗೆ ಇಡೀ ತಳ, ಪಕ್ಕದ ಎರಡು ಪ್ಯಾನಲ್, ಜೊತೆಗೆ ರಿಪೇರಿ ಆಗುವವರೆಗಿನ ಬಾಡಿಗೆ ನಷ್ಟ.

ಪೇಂಟ್ ಮಾಡಿಸೋಣ ಅಂದೆ. "ಮಾಯ್ ದಾಯ್." ಆಗಲ್ಲ.

ಹೋಂಡಾ ಸರ್ವಿಸ್ ಸೆಂಟರ್‌ಗೇ ಹೋಗೋಣ, ಅವರು ಹೇಳಿದಷ್ಟು ಕೊಡುತ್ತೇವೆ ಅಂತ ಚೇಟಾ ಹೇಳಿದರು. "ಮಾಯ್ ದಾಯ್. ಸೊಂಗ್‌ಕ್ರಾನ್. ಕ್ಲೋಸ್."

ಇನ್ಶೂರೆನ್ಸ್ ಇದೆ ಅಂದಿದ್ರಲ್ಲ? "ಹ್ಯಾವ್. ಫಾರ್ ಯು. ನಾಟ್ ಫಾರ್ ಮೋಟಾರ್‌ಬೈಕ್." ಆ ಸ್ಟಿಕ್ಕರ್ ಪೊ ರೊ ಬೊ ಅನ್ನುವ ಕಡ್ಡಾಯ ವಿಮೆಯದ್ದು. ಜನರಿಗೆ ಪೆಟ್ಟಾದರೆ ಮಾತ್ರ ಅದರಿಂದ ದುಡ್ಡು ಬರುತ್ತದೆ, ಗಾಡಿಗೆ ಏನೂ ಇಲ್ಲ. ಸುಳ್ಳನ್ನೂ ಹೇಳಲಿಲ್ಲ ನೋಡಿ, ಎಂಥಾ ಜಾಣೆ.

ನಾವು ಬೀಳಲೇ ಇಲ್ಲ ಅಂದೆ. "ಸೊಂಗ್‌ಕ್ರಾನ್, ಎವ್ರಿಬಡಿ ಫಾಲ್ ಡೌನ್" ಅಂದಳು. ಈ ಹಬ್ಬದ ವಾರವನ್ನು ಇಲ್ಲಿನ ಸರ್ಕಾರವೇ ಅಪಾಯದ ಏಳು ದಿನ ಅಂತ ಕರೆಯುತ್ತದೆ, ರಸ್ತೆ ಅಪಘಾತ ಅಷ್ಟು ಜಾಸ್ತಿ. ಅದನ್ನೂ ನಮ್ಮ ತಲೆಗೇ ಕಟ್ಟಿದಳು.

ನನ್ನ ದನಿ ಏರಿತು. ಅದಕ್ಕೆ ಅವಳು, "ಜೈ ಯೆನ್ ಯೆನ್, ಖ್ರೂ." ಸಮಾಧಾನ ಸಮಾಧಾನ, ಟೀಚರ್. ನನಗೆ! ಮೂರನೇ ಕ್ಲಾಸಿನ ಮಕ್ಕಳಿಗೆ ದಿನಾ ನಾನು ಹೇಳುವ ಮಾತದು. ಅವಮಾನಕ್ಕೆ ಕಣ್ಣಲ್ಲಿ ನೀರು ಬಂತು.

1155 ಟೂರಿಸ್ಟ್ ಪೊಲೀಸ್ ನಂಬರ್. ಫೋನ್ ಮಾಡಿದೆ. ಎತ್ತಿದವರು ಇಂಗ್ಲಿಷ್‌ನಲ್ಲೇ ಮರ್ಯಾದೆಯಿಂದ ಮಾತಾಡಿದರು. ಠಾಣೆಗೆ ಬಂದು ದೂರು ಕೊಡಿ, ಅಂಗಡಿಯವರನ್ನೂ ಕರೆಸೋಣ ಅಂದರು. ಆದರೆ ಆಗಲೇ ಹನ್ನೊಂದು ದಾಟಿತ್ತು. ಫೆರಿ ತಪ್ಪಿದರೆ ರಾತ್ರಿ ರೈಲು ತಪ್ಪುತ್ತದೆ. ಹಬ್ಬದ ವಾರದಲ್ಲಿ ಇನ್ನೊಂದು ಟಿಕೆಟ್ ಎಲ್ಲಿ ಸಿಗಬೇಕು? ಅದರ ಮೇಲೆ, ನಾನು ಎರಡೇ ದಿನದಲ್ಲಿ ಬೆಂಗಳೂರಿನ ವಿಮಾನ ಹತ್ತಬೇಕಿತ್ತು, ತಂಗಿಯ ಮನೆ ಗೃಹಪ್ರವೇಶಕ್ಕೆ. ಇದೆಲ್ಲ ಅವಳಿಗೆ ಗೊತ್ತಿತ್ತು. ಮೊದಲ ದಿನ ನಗುನಗುತ್ತಾ ಕೇಳಿ ತಿಳಿದುಕೊಂಡಿದ್ದಳಲ್ಲ.

ಕೊನೆಯ ಅಸ್ತ್ರ ಬಂದಿದ್ದು ಆಮೇಲೆ. ಚೇಟಾ ಕಡೆಗೆ ಬೆರಳು ಮಾಡಿ, "ಹೀ ನೋ ಥಾಯ್ ಲೈಸೆನ್ಸ್. ಪೊಲೀಸ್ ಕಮ್, ಫೈನ್." ನನ್ನ ಕಡೆ ತಿರುಗಿ, ಶಾಲೆಯ ಹೆಸರು ಹೇಳಿ, "ಐ ಕಾಲ್ ಯುವರ್ ಸ್ಕೂಲ್?" ನನ್ನ ಹತ್ತಿರ ಥಾಯ್ ಬೈಕ್ ಲೈಸೆನ್ಸ್ ಇದೆ. ನಾನು ಹೆದರಬೇಕಾದ್ದು ಏನೂ ಇರಲಿಲ್ಲ. ಆದರೂ ಜುಟ್ಟು ಅವಳ ಕೈಯಲ್ಲಿತ್ತು.

ಪ್ರವಾಸಕ್ಕೆ ಬರುವವರಿಗಿಂತ ಇಲ್ಲಿ ಕೆಲಸ ಮಾಡುವ ನಮಗೆ ಇದು ಯಾಕೆ ದೊಡ್ಡ ಪೆಟ್ಟು ಅಂದರೆ, ನಮ್ಮ ಬದುಕೆಲ್ಲ ಆ ಪಾಸ್‌ಪೋರ್ಟ್ ಪುಸ್ತಕದಲ್ಲಿದೆ. ಕೆಲಸ ಮಾಡಲು ಬರುವವರಿಗೆ ಕೊಡುವ ನಾನ್ ಬಿ ವೀಸಾ, ವರ್ಷ ವರ್ಷ ಮುಂದುವರಿಸಿದ ಮುದ್ರೆ, ದೇಶ ಬಿಟ್ಟು ಹೋಗಿ ಬರಲು ತೆಗೆದುಕೊಂಡ ರೀ ಎಂಟ್ರಿ ಪರ್ಮಿಟ್. ಪಾಸ್‌ಪೋರ್ಟ್ ಬಿಟ್ಟು ಬಂದರೆ ಪೊಲೀಸ್ ದೂರು, ಬ್ಯಾಂಕಾಕ್‌ನ ರಾಯಭಾರ ಕಚೇರಿ, ಹೊಸ ಪಾಸ್‌ಪೋರ್ಟ್, ಆಮೇಲೆ ಇಮಿಗ್ರೇಷನ್‌ನಲ್ಲಿ ಹಳೆಯ ಮುದ್ರೆಗಳನ್ನೆಲ್ಲ ಹೊಸದಕ್ಕೆ ಏರಿಸಿಕೊಳ್ಳಬೇಕು. ಗೃಹಪ್ರವೇಶ ಮರೆತುಬಿಡಬೇಕು.

ಚೌಕಾಸಿ ನಡೆದು ಕೊನೆಗೆ 9,000ಕ್ಕೆ ಇಳಿದಳು. ಮೇಜಿನ ಮೇಲೆ ಸ್ಕ್ಯಾನ್ ಮಾಡುವ ಕ್ಯೂಆರ್ ಅಂಟಿಸಿದೆ, ಬಾಡಿಗೆ ಕೊಟ್ಟಿದ್ದೂ ಅದರಲ್ಲೇ. ಈ ದುಡ್ಡು ಮಾತ್ರ ಕ್ಯಾಶ್ ಬೇಕಂತೆ. ಎಟಿಎಂಗೆ ಓಡಿದೆ. ರಸೀದಿ ಕೇಳಿದ್ದಕ್ಕೆ, "ವೈ? ಫಿನಿಶ್" ಅಂದಳು. ಪಾಸ್‌ಪೋರ್ಟ್ ಕೊಡುವಾಗ ಮತ್ತೆ ಕೈ ಮುಗಿದು, ಹೊಸ ವರ್ಷದ ಶುಭಾಶಯ ಬೇರೆ! ನಾವು ಸೊಂಗ್‌ತೇವ್‌ಗೆ ಲಗೇಜ್ ಏರಿಸುವಷ್ಟರಲ್ಲಿ ಹುಡುಗನೊಬ್ಬ ಅದೇ ಗಾಡಿಯನ್ನು ಒರೆಸಿ ಬಾಡಿಗೆಯ ಸಾಲಿಗೆ ನಿಲ್ಲಿಸಿದ. ರಿಪೇರಿ, ಬಾಡಿಗೆ ನಷ್ಟ ಎಲ್ಲ ಅಲ್ಲೇ ಮುಗಿಯಿತು. ಫಿಲಿಪೀನ್ಸ್‌ನ ಗೆಳತಿ ಅರ್ಧ ದುಡ್ಡು ನಾನು ಕೊಡುತ್ತೇನೆ ಅಂತ ಹಟ ಹಿಡಿದಳು. ಅವಳಿಗೆ ಬರುವ ಸಂಬಳ ನನಗಿಂತ ಕಡಿಮೆ. ಅದೇ ನನಗೆ ಜಾಸ್ತಿ ಉರಿದಿದ್ದು.

2023ರ ಕೊನೆಯಲ್ಲಿ ಭಾರತೀಯರಿಗೆ ವೀಸಾ ವಿನಾಯಿತಿ ಕೊಟ್ಟ ಮೇಲೆ ನಮ್ಮ ಕಡೆಯವರು ಇಲ್ಲಿ ಜಾಸ್ತಿ ಕಾಣುತ್ತಾರೆ, ಅದಕ್ಕೇ ಹೇಳುತ್ತಿದ್ದೇನೆ. ಕ್ಯಾಶ್ ಡೆಪಾಸಿಟ್ ತೆಗೆದುಕೊಳ್ಳುವ ಅಂಗಡಿ ಹುಡುಕಿ, ಇವೆ. ಪಾಸ್‌ಪೋರ್ಟ್‌ನ ಜೆರಾಕ್ಸ್ ಕೊಡಿ, ಅಸಲು ಕೊಡಬೇಡಿ. ಅದು ಭಾರತ ಸರ್ಕಾರದ ಸ್ವತ್ತು, ನನ್ನದಲ್ಲ ಅನ್ನಿ. ಒಪ್ಪಲಿಲ್ವಾ, ಎದ್ದು ಬನ್ನಿ. ಇನ್ಶೂರೆನ್ಸ್ ಕೇಳುವಾಗ "ಪ್ರಕನ್ ಚಾನ್ ನೂಂಗ್" ಇದೆಯಾ ಅಂತಲೇ ಕೇಳಿ, ಅಂದರೆ ಗಾಡಿಯ ಡ್ಯಾಮೇಜಿಗೂ ದುಡ್ಡು ಬರುವ ಫಸ್ಟ್ ಕ್ಲಾಸ್ ವಿಮೆ. ಗಾಡಿಯ ತಳದ ಫೋಟೊ ತೆಗೆಯಿರಿ, ನಗುವವರು ನಗಲಿ. ನಿಮ್ಮ ಫೆರಿ ಎಷ್ಟು ಹೊತ್ತಿಗೆ ಅಂತ ಯಾರಿಗೂ ಹೇಳಬೇಡಿ. ಯಾರಿಗೂ.

ಊರಿಗೆ ಬಂದ ಮೇಲೆ ಗೂಗಲ್ ಮ್ಯಾಪ್‌ನಲ್ಲಿ ನಡೆದಿದ್ದನ್ನು ಬರೆದೆ. ಮಾರನೇ ದಿನವೇ ಅವರ ಉತ್ತರ ಬಂತು. ಗ್ರಾಹಕರು ಬಿದ್ದು ಗಾಡಿ ಹಾಳು ಮಾಡಿದರು, ನಾವು ಕರುಣೆಯಿಂದ ಕಡಿಮೆ ಹಣ ಪಡೆದೆವು, ಶಿಕ್ಷಕರಾಗಿ ಸುಳ್ಳು ಹೇಳಬಾರದು ಅಂತ! ಕೆಳಗೆ ವಕೀಲರನ್ನು ಕೇಳುತ್ತೇವೆ ಅನ್ನುವ ಸಾಲು. ಇಲ್ಲಿ ಮಾನನಷ್ಟ ಅಂದರೆ ಕ್ರಿಮಿನಲ್ ಕೇಸು, ಜೈಲಿಗೂ ಹಾಕಬಹುದು. 2020ರಲ್ಲಿ ಕೊ ಚಾಂಗ್ ದ್ವೀಪದ ರೆಸಾರ್ಟ್ ಬಗ್ಗೆ ಕೆಟ್ಟ ರಿವ್ಯೂ ಬರೆದಿದ್ದಕ್ಕೆ, ಇಲ್ಲೇ ಕೆಲಸ ಮಾಡುತ್ತಿದ್ದ ಒಬ್ಬ ಅಮೆರಿಕನ್ನರನ್ನು ಪೊಲೀಸರು ಬಂಧಿಸಿದ್ದರು. ಕ್ಷಮೆ ಕೇಳಿದ ಮೇಲೆ ಆ ಕೇಸು ಮುಗಿಯಿತು. ಅದಕ್ಕೆ ನಾನೂ ರಿವ್ಯೂ ತೆಗೆದುಬಿಟ್ಟೆ. ಅಂಗಡಿಯ ಹೆಸರನ್ನು ಇಲ್ಲಿ ಹಾಕದೇ ಇರುವುದೂ ಅದಕ್ಕೇ. ಥೊಂಗ್ ಸಾಲಾದಲ್ಲಿ ಬಾಡಿಗೆ ಅಂಗಡಿಗಳು ಸಾಲಾಗಿವೆ. ಟೀಚರ್ ಅಂದ ಕೂಡಲೇ ಕೈ ಮುಗಿದು ಸಂಬಳ ಎಷ್ಟು ಅಂತ ಕೇಳಿದರೆ ಅದೇ ಅಂಗಡಿ.